ಪಿಟೀಲಿನ ಧಾಟಿಗೆ ತವರು ಯಾವುದು?



ಇವತ್ತಿನ ವಿಷಯ ಮೇಲುನೋಟಕ್ಕೆ ನಮ್ಮ ನೆಲಕ್ಕೆ ದೂರದ್ದೆಂದು ಕಾಣಬಹುದು. ಪಿಟೀಲಿನಲ್ಲಿ ನುಡಿಸುವ ಕುಣಿತದ ಧಾಟಿಯೊಂದು ಎಲ್ಲಿ ಹುಟ್ಟಿತು, ಕಟ್ಟಿದವರು ಯಾರು ಎಂಬ ಪ್ರಶ್ನೆಯನ್ನು ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್, ಅಮೆರಿಕಗಳ ಜನಪದ ಸಂಗೀತಗಾರರು ಬಹುಕಾಲದಿಂದ ಚರ್ಚಿಸುತ್ತ ಬಂದಿದ್ದಾರೆ. ಅಲ್ಲಿ ಹಾರ್ನ್‌ಪೈಪ್ ಎಂಬ ಕುಣಿತವಿದೆ. ಹಡಗಿನ ಆಳುಗಳ ಕುಣಿತವೆಂದು ಅದಕ್ಕೆ ಹೆಸರು. ಅದರ ಧಾಟಿಗೆ ಸಾಮಾನ್ಯವಾಗಿ ಎರಡು ತುಂಡು. ಒಂದೊಂದರಲ್ಲೂ ಎಂಟು ಅಳತೆ, ಒಂದೊಂದನ್ನೂ ಎರಡೆರಡು ಸಲ ನುಡಿಸುತ್ತಾರೆ. ಈ ಜಾತಿಯ ಧಾಟಿಗಳಲ್ಲಿ ‘ಫಿಷರ್ಸ್ ಹಾರ್ನ್‌ಪೈಪ್’ ಬಹಳ ಪ್ರಸಿದ್ಧ. ಅದರ ಮೂಲ ಕೇಳಿದರೆ ಮೂರು ಉತ್ತರ ಸಿಗುತ್ತವೆ. ಮೀನುಗಾರರ ಕುಣಿತವಾದ್ದರಿಂದ ಆ ಹೆಸರು ಎಂದು ಒಬ್ಬರು ಹೇಳುತ್ತಾರೆ. ಲಂಡನ್ನಿನಲ್ಲಿ ಹೆಸರು ಮಾಡಿದ್ದ ಜರ್ಮನ್ ವಾದಕ ಯೋಹಾನ್ ಕ್ರಿಶ್ಚಿಯನ್ ಫಿಶರನ ಕೃತಿ ಎಂದು ಇನ್ನೊಬ್ಬರು. ಸುಮಾರು 1780ರ ಹೊತ್ತಿಗೆ ಕುಣಿತದ ಧಾಟಿಗಳ ಪುಸ್ತಕವೊಂದನ್ನು ಪ್ರಕಟಿಸಿದ ಜೆ. ಫಿಶಾರ್ ಎಂಬ ನೃತ್ಯಗಾರನದು ಎಂದು ಮತ್ತೊಬ್ಬರು. ಮೂರನೆಯ ಉತ್ತರಕ್ಕೆ ಅಚ್ಚಿನ ಆಧಾರವಿದೆ. ಆದರೆ ಆ ಪುಸ್ತಕದಲ್ಲಿ ಧಾಟಿಗೆ ಬರೀ ಹಾರ್ನ್‌ಪೈಪ್ ಎಂದಷ್ಟೇ ತಲೆಬರಹ. ಫಿಷರನ ಹೆಸರು ಅದಕ್ಕೆ ಅಂಟಿಕೊಂಡದ್ದು ಆಮೇಲೆ, ನುಡಿಸುವವರ ಬಾಯಲ್ಲಿ.

ಹೀಗೆ ಆಮೇಲೆ ಅಂಟಿಕೊಂಡ ಹೆಸರನ್ನು ಹುಟ್ಟಿನ ಸಾಕ್ಷಿಯೆಂದು ಹಿಡಿಯಬಹುದೇ ಎಂಬುದೇ ಈ ಉಪನ್ಯಾಸದ ಪ್ರಶ್ನೆ. ಅದನ್ನು ಲಂಡನ್ನಿನ ಬದಲು ಕಾವೇರಿ ತೀರದಲ್ಲಿ ನಿಂತು ಕೇಳಲು ಕಾರಣವಿದೆ. ಪಿಟೀಲು ದಕ್ಷಿಣ ಭಾರತಕ್ಕೆ ಒಂಟಿಯಾಗಿ ಬರಲಿಲ್ಲ, ತನ್ನ ಕುಣಿತದ ಧಾಟಿಗಳನ್ನೂ ಹೊತ್ತು ತಂದಿತು. ಅವುಗಳಲ್ಲಿ ಕೆಲವು ಇವತ್ತೂ ಸಂಸ್ಕೃತದ ಮಾತು ಹೊದ್ದು ನಮ್ಮ ಸಂಗೀತ ಪಾಠಗಳಲ್ಲಿ ಬದುಕಿವೆ. ಆ ವಾದ್ಯದ ಮತ್ತು ಆ ಧಾಟಿಗಳ ದಾರಿಯನ್ನು ಹುಡುಕುವವರು ಮದರಾಸಿನ ಕೋಟೆಯನ್ನು ಮಾತ್ರ ನೋಡಿ ಹಿಂದಿರುಗುತ್ತಾರೆ. ಶ್ರೀರಂಗಪಟ್ಟಣ ಮತ್ತು ಹಿರೋಡೆ ಎಂಬ ಎರಡು ಊರುಗಳನ್ನೂ ಆ ವಿಚಾರಣೆಯಲ್ಲಿ ಸಾಕ್ಷಿಗೆ ಕರೆಯಬೇಕು ಎಂಬುದು ನನ್ನ ವಾದ. ಹಿರೋಡೆ ಎಂದರೆ ಈಗಿನ ಪಾಂಡವಪುರ.

ಮೊದಲು ಧಾಟಿಯ ಹೆಸರಿನ ಮಾತು. ನಮ್ಮ ಹಳೆಯ ನಾಟಕ ಕಂಪನಿಗಳ ಹಾಡಿನ ಪುಸ್ತಕಗಳಲ್ಲಿ, ಭಜನೆಯ ಪುಸ್ತಕಗಳಲ್ಲಿ, ಹರಿಕಥೆಯ ಕೈಬರಹಗಳಲ್ಲಿ ಹಾಡಿನ ನೆತ್ತಿಯ ಮೇಲೆ ಒಂದು ಸಾಲು ಇರುತ್ತದೆ: ಇಂಥ ಹಾಡಿನ ಮಟ್ಟು, ಅಥವಾ ಇಂಥ ಹಾಡಿನಂತೆ. ಆ ಸಾಲನ್ನು ಬರೆದವನಿಗೆ ಧಾಟಿಯ ಇತಿಹಾಸ ಬೇಕಿರಲಿಲ್ಲ. ಹಾಡುವವನಿಗೆ ಆಗಲೇ ಬರುತ್ತಿದ್ದ ಹಾಡೊಂದನ್ನು ನೆನಪಿಸಿ ಹೊಸ ಮಾತನ್ನು ಅದರ ಮೇಲೆ ಕೂರಿಸುವುದಷ್ಟೇ ಅವನ ಕೆಲಸ. ಮರಾಠಿ ರಂಗಗೀತೆಯ ಮಟ್ಟು ಎಂದು ಬರೆದಿದ್ದರೆ ಆ ಧಾಟಿ ಮಹಾರಾಷ್ಟ್ರದಲ್ಲೇ ಹುಟ್ಟಿತು ಎಂದು ಅರ್ಥವಲ್ಲ. ಮರಾಠಿಗೂ ಅದು ಹಿಂದೂಸ್ತಾನಿಯ ಒಂದು ಚೀಜಿನಿಂದ ಬಂದಿರಬಹುದು. ಆದ್ದರಿಂದ ಮಟ್ಟಿನ ಹೆಸರು ಹೇಳುವುದು ಒಂದೇ ಸಂಗತಿ: ಬರೆದ ಕಾಲದಲ್ಲಿ, ಬರೆದ ಊರಿನಲ್ಲಿ, ಈ ಧಾಟಿಯನ್ನು ಜನ ಯಾವ ಹಾಡಿನಿಂದ ಗುರುತಿಸುತ್ತಿದ್ದರು. ಇದು ಸಣ್ಣ ಸಂಗತಿಯಲ್ಲ. ಧಾಟಿ ಆ ದಿನ ಎಲ್ಲಿತ್ತು ಎಂಬುದಕ್ಕೆ ಅದು ಗಟ್ಟಿ ಸಾಕ್ಷಿ. ಹುಟ್ಟಿಗೆ ಮಾತ್ರ ಅದು ಸಾಕ್ಷಿಯಾಗಲಾರದು. ಕನ್ನಡದ ಓದುಗನಿಗೆ ಪರಿಚಿತವಾದ ಈ ವಿವೇಕವನ್ನು ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರಗಳಿಗೆ ಅನ್ವಯಿಸಿ ನೋಡಿದರೆ ಬಹಳಷ್ಟು ಗೊಂದಲ ತಿಳಿಯಾಗುತ್ತದೆ.

ದೀಕ್ಷಿತರು 1775ರಲ್ಲಿ ತಿರುವಾರೂರಿನಲ್ಲಿ ಹುಟ್ಟಿ 1835ರಲ್ಲಿ ಎಟ್ಟಯಪುರದಲ್ಲಿ ತೀರಿಕೊಂಡವರು. ಅವರ ಹೆಸರಿನಲ್ಲಿ ಸುಮಾರು ನಲವತ್ತು ನೊಟ್ಟುಸ್ವರಗಳಿವೆ. ಎಲ್ಲವೂ ಶಂಕರಾಭರಣದ ಏಳು ಸ್ವರಗಳಲ್ಲಿ, ಗಮಕವಿಲ್ಲದ ನೇರ ನಡೆಯಲ್ಲಿ, ಸ್ವರಕ್ಕೊಂದು ಅಕ್ಷರದಂತೆ ಹೆಣೆದವು. ‘ಸಂತತಂ ಪಾಹಿಮಾಂ’ ಎಂಬುದನ್ನು ಯಾರೇ ಕೇಳಿದರೂ ಇಂಗ್ಲೆಂಡಿನ ರಾಷ್ಟ್ರಗೀತೆಯೆಂದು ತಟ್ಟನೆ ಗುರುತಿಸುತ್ತಾರೆ. ‘ವಂದೇ ಮೀನಾಕ್ಷಿ’ ಎಂಬುದು ಐರ್ಲೆಂಡಿನ ಕಾರ್ಕ್ ಸೀಮೆಯ ಮ್ಯಾಲೋ ಎಂಬ ಊರಿನ ಹೆಸರು ಹೊತ್ತ ‘ರೇಕ್ಸ್ ಆಫ್ ಮ್ಯಾಲೋ’ ಎಂಬ ಕುಣಿತದ ಧಾಟಿ. ‘ಸುಬ್ರಹ್ಮಣ್ಯಂ ಸುರಸೇವ್ಯ’ ಎಂದು ಮೊದಲಾಗುವುದು ಸಿಪಾಯಿಗಳ ನಡೆಗೆ ನುಡಿಸುತ್ತಿದ್ದ ‘ಬ್ರಿಟಿಷ್ ಗ್ರೆನೇಡಿಯರ್ಸ್’. ‘ಜಗದೀಶ ಗುರುಗುಹ’ ಎಂಬುದನ್ನು ಸ್ಕಾಟ್ಲೆಂಡಿನ ‘ಲಾರ್ಡ್ ಮ್ಯಾಕ್‌ಡೊನಾಲ್ಡ್ಸ್ ರೀಲ್’ ಎಂದು, ‘ಕಮಲಾಸನ ವಂದಿತ’ ಎಂಬುದನ್ನು ‘ಗ್ಯಾಲಪೇಡ್’ ಎಂದು ಗುರುತಿಸುತ್ತಾರೆ. ಈ ಗುರುತುಗಳಿಗೆ ಹಳೆಯ ಆಧಾರ 1832ರ ಒಂದು ಹಸ್ತಪ್ರತಿ. ತೆಲುಗಿಗೆ ದೊಡ್ಡ ಸೇವೆ ಮಾಡಿದ ಸಿ. ಪಿ. ಬ್ರೌನ್ ಅವರಿಗಾಗಿ ಸಿದ್ಧವಾದ ಆ ಪ್ರತಿಯಲ್ಲಿ ಸಂಸ್ಕೃತ ಸಾಹಿತ್ಯದ ಜೊತೆಗೆ ಇಂಗ್ಲಿಷ್ ಧಾಟಿಗಳ ಹೆಸರುಗಳೂ ದಾಖಲಾದವು. 1905ರಲ್ಲಿ ಸುಬ್ಬರಾಮ ದೀಕ್ಷಿತರು ಸಂಗೀತ ಕಲಿಯುವ ಮಕ್ಕಳಿಗಾಗಿ ಅಚ್ಚು ಹಾಕಿಸಿದ ‘ಪ್ರಥಮಾಭ್ಯಾಸ ಪುಸ್ತಕಮು’ ಎಂಬ ಗ್ರಂಥದಲ್ಲಿ ಮೂವತ್ತಕ್ಕೂ ಹೆಚ್ಚು ನೊಟ್ಟುಸ್ವರಗಳು ಸ್ವರಲಿಪಿಯೊಂದಿಗೆ ಬಂದವು.

ಇವು ಹೇಗೆ ಹುಟ್ಟಿದವು ಎಂಬುದಕ್ಕೆ ಒಂದು ಸುಂದರವಾದ ಕಥೆ ಚಾಲ್ತಿಯಲ್ಲಿದೆ. ದೀಕ್ಷಿತರ ತಂದೆ ರಾಮಸ್ವಾಮಿ ದೀಕ್ಷಿತರನ್ನು ಕುಟುಂಬಸಮೇತ ಮದರಾಸಿನ ಬಳಿಯ ಮಣಲಿಗೆ ಕರೆಸಿಕೊಂಡ ಮುದಲಿಯಾರರು ಕಂಪನಿಯ ದುಭಾಷಿಗಳ ಮನೆತನದವರು. ಅವರೊಂದಿಗೆ ಸೇಂಟ್ ಜಾರ್ಜ್ ಕೋಟೆಗೆ ಹೋದ ಅಣ್ಣತಮ್ಮಂದಿರು ಬ್ಯಾಂಡ್ ಕೇಳಿದರು. ತಮ್ಮ ಬಾಲುಸ್ವಾಮಿ ಯುರೋಪಿನವನೊಬ್ಬನಿಂದ ಪಿಟೀಲು ಕಲಿತು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ. ಅಣ್ಣ ಆ ಧಾಟಿಗಳಿಗೆ ಮಾತು ಬರೆದ. ಕಥೆಯ ತಿರುಳನ್ನು ನಾನು ಒಪ್ಪುತ್ತೇನೆ. ಬಾಲುಸ್ವಾಮಿಯವರ ಪಿಟೀಲಿನ ಬಗ್ಗೆ ಹೇಳಿದವರು ಅದೇ ಮನೆಯ ಸುಬ್ಬರಾಮ ದೀಕ್ಷಿತರು. ಅದನ್ನು ಅಲ್ಲಗಳೆಯಲು ಕಾರಣವಿಲ್ಲ. ಆದರೆ ಎಲ್ಲ ನೊಟ್ಟುಸ್ವರಗಳೂ ಮಣಲಿಯ ಹುಡುಗುತನದಲ್ಲೇ ಒಟ್ಟಿಗೆ ಹುಟ್ಟಿದವು ಎಂದು ಕಥೆಯನ್ನು ಹಿಗ್ಗಿಸಿದಾಗ ಒಂದು ತೊಡಕು ಏಳುತ್ತದೆ. ಗ್ಯಾಲಪ್ ಎಂಬ ಕುಣಿತ ಲಂಡನ್ನಿನಲ್ಲಿ ಹುಚ್ಚೆಬ್ಬಿಸಿದ್ದು 1820ರ ದಶಕದ ಕೊನೆಗೆ. ಆ ಕುಣಿತದ ಹೆಸರು ಹೊತ್ತ ‘ಗ್ಯಾಲಪೇಡ್’ ಧಾಟಿಯನ್ನು ದೀಕ್ಷಿತರು 1790ರ ದಶಕದಲ್ಲಿ ಆ ಹೆಸರಿನಿಂದ ಕೇಳಿರಲು ಸಾಧ್ಯವಿಲ್ಲ. ಹಾಗಿದ್ದರೆ ಎರಡರಲ್ಲಿ ಒಂದು ನಿಜ. ಅವರು ತಮ್ಮ ಕೊನೆಯ ವರ್ಷಗಳಲ್ಲೂ ಹೊಸದಾಗಿ ಬಂದ ಧಾಟಿಗಳನ್ನು ಕೇಳಿ ಮಾತು ಕಟ್ಟಿದರು. ಇಲ್ಲವೇ ಧಾಟಿ ಹಳೆಯದು, ಅದನ್ನು ಆಮೇಲೆ ಕೇಳಿದ ಯಾರೋ ಆ ಹೊತ್ತಿನಲ್ಲಿ ತಮಗೆ ಗೊತ್ತಿದ್ದ ಹೊಸ ಹೆಸರಿನಿಂದ ಗುರುತಿಸಿದರು. ಎರಡನೆಯದೇ ಹೆಚ್ಚು ಸಂಭವ ಎಂದು ನನ್ನ ತೀರ್ಮಾನ. ನಮ್ಮ ನಾಟಕದ ಪುಸ್ತಕಗಳಲ್ಲಿ ಮಟ್ಟಿನ ಹೆಸರು ಕಾಲಕಾಲಕ್ಕೆ ಬದಲಾಗುವುದೂ ಹೀಗೆಯೇ. ಒಂದು ಕಾಲದಲ್ಲಿ ದಾಸರ ಪದದಿಂದ ಗುರುತಾಗುತ್ತಿದ್ದ ಧಾಟಿ ಮುಂದೆ ಅದೇ ಧಾಟಿಯ ಸಿನಿಮಾ ಹಾಡಿನಿಂದ ಗುರುತಾಗುತ್ತದೆ.

ಹೆಸರು ನಂಬಿಕೆಗೆ ಅರ್ಹವಲ್ಲವೆಂದಾದರೆ ಧಾಟಿಯ ಒಡಲನ್ನೇ ನೋಡಿ ಮೂಲ ಹೇಳಬಹುದಲ್ಲ ಎಂದು ಸಂಗೀತ ಬಲ್ಲವರು ಕೇಳಬಹುದು. ಕೇಳಬೇಕಾದ ಮಾತೇ. ನೊಟ್ಟುಸ್ವರಗಳ ಒಡಲಿನಲ್ಲಿ ಸಾಕ್ಷ್ಯವಿದೆ. ಷಡ್ಜದಿಂದ ಗಾಂಧಾರಕ್ಕೆ, ಅಲ್ಲಿಂದ ಪಂಚಮಕ್ಕೆ, ಮತ್ತೆ ತಾರಷಡ್ಜಕ್ಕೆ ನೆಗೆಯುವ ಚಲನೆ ಅವುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಹಳೆಯ ಶಂಕರಾಭರಣದ ಕೃತಿಗಳಲ್ಲಿ ಗಾಂಧಾರವೂ ನಿಷಾದವೂ ಪಕ್ಕದ ಸ್ವರವನ್ನು ತಡಕುತ್ತ ತೂಗುತ್ತವೆ. ಇಲ್ಲಿ ನೆಟ್ಟಗೆ ನಿಲ್ಲುತ್ತವೆ. ಎರಡು ಸಮ ತುಂಡುಗಳು, ಪ್ರತಿ ತುಂಡಿನ ಕೊನೆಗೆ ಷಡ್ಜಕ್ಕೆ ಇಳಿದು ಮುಗಿಯುವ ಮುಕ್ತಾಯ, ಇವೆಲ್ಲ ಜೋಡಿಯಾಗಿ ಕುಣಿಯುವವರು ಹೆಜ್ಜೆ ತಿರುಗಿಸಲು ಬೇಕಾದ ಅಳತೆ. ಪಿಟೀಲಿನ ಕಮಾನು ತಂತಿಯಿಂದ ತಂತಿಗೆ ಸುಲಭವಾಗಿ ಹಾರುವುದರಿಂದ ಇಂಥ ನೆಗೆತಗಳು ಆ ವಾದ್ಯಕ್ಕೆ ಸಹಜ. ಆದರೆ ಈ ಸಾಕ್ಷ್ಯಕ್ಕೆ ಒಂದು ಗಡಿಯಿದೆ. ಇದು ಜಾತಿಯನ್ನು ಹೇಳುತ್ತದೆ, ಮನೆಯನ್ನು ಹೇಳುವುದಿಲ್ಲ. ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು ಮೈಸೂರಿನ ಆಸ್ಥಾನದಲ್ಲಿದ್ದವರು. ಅವರ ‘ಇಂಗ್ಲಿಷ್ ನೋಟ್’ ಇದೇ ಬಗೆಯ ನೆಗೆತಗಳಿಂದ ತುಂಬಿದೆ, ಮದುರೈ ಮಣಿ ಅಯ್ಯರ್ ಅವರ ಕಂಠದಿಂದ ಅದು ಮನೆಮಾತಾಯಿತು. ಅದನ್ನು ಯಾವ ಇಂಗ್ಲಿಷ್ ಕುಣಿತದಿಂದಲೂ ಎತ್ತಿಕೊಂಡದ್ದಲ್ಲ. ಪಾಶ್ಚಾತ್ಯ ಚಹರೆಯ ಧಾಟಿಯನ್ನು ಇಲ್ಲಿಯವರೇ ಕಟ್ಟಬಲ್ಲರು ಎಂದಮೇಲೆ ಚಹರೆಯೊಂದನ್ನೇ ನೋಡಿ ತವರು ಹೇಳುವುದು ತರವಲ್ಲ.

ಹಾಗಾದರೆ ಯಾವುದನ್ನು ಹಿಡಿಯಬೇಕು? ಧಾಟಿಯನ್ನು ಹೊತ್ತು ತಂದವರನ್ನು. ಯಾವ ಧಾಟಿಯೂ ಗಾಳಿಯಲ್ಲಿ ಬರಲಿಲ್ಲ. ಒಬ್ಬ ಮನುಷ್ಯ ಇನ್ನೊಬ್ಬನಿಗೆ ಕೇಳಿಸುವಷ್ಟು ಹತ್ತಿರ ಇದ್ದಾಗಲೇ ಅದು ದಾಟಿತು. ಅಂಥ ಸಾಮೀಪ್ಯ ಎಲ್ಲೆಲ್ಲಿ, ಯಾವ ಕಾಲದಲ್ಲಿ, ಯಾವ ಕಾರಣಕ್ಕೆ ಒದಗಿತು ಎಂಬುದನ್ನು ಇತಿಹಾಸ ಹೇಳಬಲ್ಲದು. ಇಲ್ಲಿಯೇ ನಮ್ಮ ಸೀಮೆಯ ಮಾತು ಬರುತ್ತದೆ.

1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಸೈನ್ಯ ಹೈದರ್ ಮತ್ತು ಟಿಪ್ಪುವಿನ ಕೈಯಲ್ಲಿ ಸೋತಿತು. ಸೆರೆ ಸಿಕ್ಕವರನ್ನು ಶ್ರೀರಂಗಪಟ್ಟಣಕ್ಕೆ ತಂದರು. ಎರಡು ವರ್ಷದ ಬಳಿಕ ಫ್ರೆಂಚ್ ನೌಕಾಧಿಪತಿ ಸಫ್ರೆನ್ ತಾನು ಹಿಡಿದಿದ್ದ ಇಂಗ್ಲಿಷ್ ನಾವಿಕರನ್ನು ಹೈದರನಿಗೆ ಒಪ್ಪಿಸಿದ. ಅವರಲ್ಲಿ ಹ್ಯಾನಿಬಲ್ ಎಂಬ ಹಡಗಿನವರೂ ಇದ್ದರು. ಆ ಹಡಗಿನ ಹುಡುಗ ಜೇಮ್ಸ್ ಸ್ಕರ್ರಿ ಸುಮಾರು ಹತ್ತು ವರ್ಷ ಮೈಸೂರಿನ ಸೆರೆಯಲ್ಲಿದ್ದು ತಪ್ಪಿಸಿಕೊಂಡು ಹೋದ. ಅವನ ಕಥನ 1824ರಲ್ಲಿ ಅಚ್ಚಾಯಿತು. ಸೈನ್ಯದಲ್ಲಿ ಡ್ರಮ್ಮು ಬಾರಿಸುತ್ತಿದ್ದ ಹುಡುಗರು ಸೆರೆಯಾಳುಗಳ ನಡುವೆ ಇದ್ದರೆಂದೂ, ಕೆಲವು ಹುಡುಗರಿಗೆ ಇಲ್ಲಿಯ ಕುಣಿತ ಕಲಿಸಿ ದರ್ಬಾರಿನಲ್ಲಿ ಹೆಣ್ಣುವೇಷದಲ್ಲಿ ಕುಣಿಸಿದರೆಂದೂ ಸೆರೆಯಾಳುಗಳ ಕಥನಗಳಿಂದ ತಿಳಿಯುತ್ತದೆ. ಇವು ಸೋತವರ, ನೊಂದವರ ಬರಹಗಳು. ಟಿಪ್ಪುವಿನ ಮೇಲಿನ ಯುದ್ಧಕ್ಕೆ ಇಂಗ್ಲೆಂಡಿನ ಜನರನ್ನು ಒಪ್ಪಿಸಲು ಇಂಥ ಬರಹಗಳು ಬಳಕೆಯಾದವು ಎಂಬುದನ್ನು ಮರೆಯಬಾರದು. ಅವುಗಳ ಬಣ್ಣನೆಗಳನ್ನು ಸೋಸಿಯೇ ಓದಬೇಕು. ಆದರೆ ನಮ್ಮ ವಾದಕ್ಕೆ ಬೇಕಾದಷ್ಟು ಸಂಗತಿ ಸೋಸಿದ ಮೇಲೂ ಉಳಿಯುತ್ತದೆ. ಹಾರ್ನ್‌ಪೈಪ್ ಕುಣಿತವನ್ನು ತನ್ನದೆಂದು ಎಣಿಸುತ್ತಿದ್ದ ನಾವಿಕವರ್ಗ, ಸೈನ್ಯದ ತಾಳ ಹಿಡಿಯುತ್ತಿದ್ದ ಹುಡುಗರು, ದರ್ಬಾರಿನ ನಟ್ಟುವರು ಮತ್ತು ವಾದ್ಯಗಾರರು, ಇವರೆಲ್ಲ ಒಂದು ಸಣ್ಣ ದ್ವೀಪದಲ್ಲಿ ವರ್ಷಗಟ್ಟಲೆ ಒಟ್ಟಿಗಿದ್ದರು. ಇಷ್ಟು ದಟ್ಟವಾದ, ಇಷ್ಟು ದೀರ್ಘವಾದ ಸಾಮೀಪ್ಯ ಮದರಾಸಿನ ಕೋಟೆಯ ಬ್ಯಾಂಡು ಕೇಳಲು ಹೋದವರಿಗೂ ಒದಗಿರಲಿಲ್ಲ. ಅಲ್ಲಿ ಕೇಳುವವರು ಅತಿಥಿಗಳು, ಇಲ್ಲಿ ಹಗಲಿರುಳಿನ ಒಡನಾಟ.

ಇಂಗ್ಲಿಷರ ಮಾತಿಗೆ ಫ್ರೆಂಚರ ಮಾತನ್ನೂ ಸೇರಿಸಬೇಕು. ಹೈದರನ ಕಾಲದಿಂದಲೇ ಮೈಸೂರಿನ ಚಾಕರಿಯಲ್ಲಿ ಫ್ರೆಂಚ್ ಸಿಪಾಯಿಗಳಿದ್ದರು. ಅವರ ಪಾಳೆಯ ಹಿರೋಡೆಯಲ್ಲಿ ಇದ್ದುದರಿಂದಲೇ ಇಂಗ್ಲಿಷರು ಆ ಊರನ್ನು ಫ್ರೆಂಚ್ ರಾಕ್ಸ್ ಎಂದು ಕರೆದದ್ದು. 19ನೇ ಶತಮಾನದಲ್ಲೂ ಅಲ್ಲಿ ಸೈನ್ಯದ ಠಾಣ್ಯವಿತ್ತು. ಶ್ರೀರಂಗಪಟ್ಟಣದ ಅರಮನೆಯಲ್ಲಿ ಸಂಗೀತದ ವಾದ್ಯಗಳಿಗೆಂದೇ ಇದ್ದ ರಾಗಮಹಲಿನಲ್ಲಿ 1799ರಲ್ಲಿ ಇಂಗ್ಲಿಷರಿಗೆ ಸಿಕ್ಕಿದ ಮರದ ಹುಲಿಯ ಹೊಟ್ಟೆಯೊಳಗೆ ಯುರೋಪಿನ ಬಗೆಯ ಆರ್ಗನ್ ಇದೆ, ಒತ್ತಿದರೆ ನುಡಿಯುವ ಗುಂಡಿಗಳ ಸಾಲಿದೆ. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಅದು ಈಗಲೂ ಕಾಣಸಿಗುತ್ತದೆ. ಅದರ ಯಂತ್ರದಲ್ಲಿ ಫ್ರೆಂಚ್ ಕುಶಲಿಗಳ ಕೈ ಇದ್ದಿರಬೇಕು ಎಂಬುದು ಹಲವು ವಿದ್ವಾಂಸರ ಊಹೆ. ಇಂಗ್ಲಿಷರು ಗೆದ್ದ ನಂತರವೇ ಪಾಶ್ಚಾತ್ಯ ಸ್ವರ ಮೈಸೂರಿಗೆ ಬಂತು ಎಂಬ ಮಾತು ಈ ಒಂದು ವಸ್ತುವಿನ ಎದುರು ನಿಲ್ಲಲಾರದು. ಗೆಲ್ಲುವ ಮೊದಲೇ, ಸೋತವರ ಅರಮನೆಯ ಒಳಗೇ, ಅದು ಇತ್ತು.

ದರಿಯಾ ದೌಲತ್ತಿನ ಗೋಡೆಯ ಚಿತ್ರ ಇದಕ್ಕಿಂತ ಹೆಚ್ಚು ಪ್ರಸಿದ್ಧವಾದ ಸಾಕ್ಷಿ, ಹೆಚ್ಚು ತೊಡಕಿನದೂ ಹೌದು. ಕರ್ನಾಟಕ ಸಂಗೀತದಲ್ಲಿ ಪಿಟೀಲಿನ ಇತಿಹಾಸ ಬರೆದವರಲ್ಲಿ ಬಿ. ಚೈತನ್ಯದೇವರಂಥ ವಿದ್ವಾಂಸರು 1784ರ ಆ ಅರಮನೆಯ ಭಿತ್ತಿಚಿತ್ರಗಳಲ್ಲಿ ಪಿಟೀಲು ನುಡಿಸುವ ಹೆಂಗಸಿನ ಆಕೃತಿಯನ್ನು ಉಲ್ಲೇಖಿಸುತ್ತಾರೆ. ಬಾಲುಸ್ವಾಮಿ ದೀಕ್ಷಿತರು ಹುಟ್ಟಿದ್ದು 1786ರಲ್ಲಿ. ಅಂದರೆ ಅವರು ಹುಟ್ಟುವ ಮೊದಲೇ ಶ್ರೀರಂಗಪಟ್ಟಣದಲ್ಲಿ ಪಿಟೀಲು ಇತ್ತು, ಆದ್ದರಿಂದ ಪಿಟೀಲಿನ ತವರು ಮಣಲಿಯಲ್ಲ, ನಮ್ಮ ದ್ವೀಪ ಎಂದು ಅಭಿಮಾನದಿಂದ ವಾದಿಸುವವರಿದ್ದಾರೆ. ಅಭಿಮಾನ ನನಗೂ ಇದೆ. ಆದರೆ ಅಭಿಮಾನ ಸಾಕ್ಷ್ಯವನ್ನು ಮೀರಬಾರದು. ಆ ಗೋಡೆಯ ಚಿತ್ರಗಳು ಟಿಪ್ಪುವಿನ ಕಾಲದಲ್ಲೇ ಒಮ್ಮೆ ಕೆಟ್ಟಿದ್ದವು. ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಅರಮನೆಯಲ್ಲೇ ವಾಸವಿದ್ದ ಆರ್ಥರ್ ವೆಲ್ಲೆಸ್ಲಿ ಅವುಗಳನ್ನು ಸರಿಪಡಿಸಿದ. ಅರ್ಧ ಶತಮಾನದ ನಂತರ ಗವರ್ನರ್ ಜನರಲ್ ಡಾಲ್‌ಹೌಸಿಯ ಆಜ್ಞೆಯಂತೆ ಮತ್ತೊಮ್ಮೆ ಬಣ್ಣ ಹಾಕಿಸಲಾಯಿತು. ಹಾಗಾಗಿ ಇಂದು ಗೋಡೆಯ ಮೇಲೆ ಕಾಣುವ ಯಾವುದೇ ಒಂದು ಗೆರೆಯನ್ನು 1784ರ ಗೆರೆಯೆಂದು ಆಣೆಯಿಟ್ಟು ಹೇಳುವಂತಿಲ್ಲ. ಆಕೃತಿ ಮೂಲದಲ್ಲೇ ಇದ್ದರೂ, ಚಿತ್ರಕಾರ ಕಂಡದ್ದನ್ನು ಬರೆದನೋ ಯುರೋಪಿನ ಚಿತ್ರವೊಂದನ್ನು ನೋಡಿ ಬರೆದನೋ ಎಂಬ ಪ್ರಶ್ನೆ ಉಳಿಯುತ್ತದೆ. ಅವಳು ನುಡಿಸುತ್ತಿದ್ದುದು ನಮ್ಮ ರಾಗವೆಂದಂತೂ ಚಿತ್ರ ಹೇಳದು.

ಹೀಗಿದ್ದರೂ ಆ ಚಿತ್ರವನ್ನು ಸಾಕ್ಷಿಗಳ ಪಟ್ಟಿಯಿಂದ ಹೊಡೆದುಹಾಕಬೇಕೆಂದು ನಾನು ಒಪ್ಪುವುದಿಲ್ಲ. ಒಂದೇ ಸಾಕ್ಷಿಯ ಮೇಲೆ ನಿಂತ ವಾದ ಆ ಸಾಕ್ಷಿ ಅಲುಗಿದಾಗ ಬೀಳುತ್ತದೆ. ಇಲ್ಲಿ ಹಾಗಿಲ್ಲ. ಸೆರೆಯಾಳುಗಳು, ಹಿರೋಡೆಯ ಪಾಳೆಯ, ಹುಲಿಯ ಹೊಟ್ಟೆಯ ಆರ್ಗನ್, ಇವು ಮೂರೂ ಚಿತ್ರದ ಹೊರಗೆ, ಚಿತ್ರವನ್ನು ಆಶ್ರಯಿಸದೆ ನಿಂತಿವೆ. ಚಿತ್ರಕ್ಕೆ ಯಾವಾಗ ಬಣ್ಣ ಬಿದ್ದಿರಲಿ, ಪಾಶ್ಚಾತ್ಯ ವಾದ್ಯ ಮತ್ತು ಧಾಟಿ ಈ ಸೀಮೆಯ ಕಿವಿಗೆ 1799ಕ್ಕಿಂತ ಮೊದಲೇ ಬಿದ್ದಿತ್ತು ಎಂಬ ತೀರ್ಮಾನಕ್ಕೆ ಕುಂದಿಲ್ಲ. 1799ರ ನಂತರದ ಮಾತಂತೂ ಇನ್ನೂ ಸ್ಪಷ್ಟ. ಮುತ್ತಿಗೆಯಲ್ಲಿ ಸ್ಕಾಟ್ಲೆಂಡಿನ 73 ಮತ್ತು 74ನೇ ರೆಜಿಮೆಂಟುಗಳಿದ್ದವು; ಸ್ವಿಟ್ಜರ್ಲೆಂಡಿನ ಡಿ ಮ್ಯೂರಾನ್ ರೆಜಿಮೆಂಟಿನವರ ಗೋರಿಗಳು ದ್ವೀಪದ ಗ್ಯಾರಿಸನ್ ಸ್ಮಶಾನದಲ್ಲಿ ಇವತ್ತೂ ಇವೆ. ಜ್ವರದ ಕಾಟದಿಂದ ದಂಡು ಬೆಂಗಳೂರಿಗೆ ಹೋಗುವವರೆಗೆ ಶ್ರೀರಂಗಪಟ್ಟಣ ದೊಡ್ಡ ಠಾಣ್ಯವಾಗಿತ್ತು. ಡ್ರಮ್ಮು ಮತ್ತು ಕೊಳಲು ಇಲ್ಲದ ರೆಜಿಮೆಂಟು ಆ ಕಾಲದಲ್ಲಿ ಇರಲಿಲ್ಲ. ದೀಕ್ಷಿತರು ಮಾತು ಬರೆದ ‘ಬ್ರಿಟಿಷ್ ಗ್ರೆನೇಡಿಯರ್ಸ್’ ಅಂಥ ಸೈನ್ಯಗಳು ಹೆಜ್ಜೆ ಹಾಕುತ್ತಿದ್ದ ಧಾಟಿ.

ಇನ್ನೊಂದು ಆಕ್ಷೇಪ ನಮ್ಮ ಕಡೆಯಿಂದಲೇ ಬರುತ್ತದೆ. ಕಮಾನಿನ ವಾದ್ಯ ನಮ್ಮಲ್ಲಿ ಹಿಂದೆಯೇ ಇತ್ತು. ತಿರುಮಕೂಡಲಿನ ಅಗಸ್ತ್ಯೇಶ್ವರ ದೇವಾಲಯದ ಶಿಲ್ಪ, ಚಿದಂಬರದ ಶಿಲ್ಪ, ರಾವಣಹತ್ಥದ ಪರಂಪರೆ ಎಲ್ಲವೂ ಇವೆ. ಹಾಗಿರುವಾಗ ಪಿಟೀಲನ್ನಾಗಲಿ ಅದರ ಧಾಟಿಯನ್ನಾಗಲಿ ಹೊರಗಿನದೆಂದು ಏಕೆ ಒಪ್ಪಬೇಕು ಎಂದು ಕೇಳುವವರಿದ್ದಾರೆ. ಕಮಾನಿನ ತತ್ತ್ವ ನಮಗೆ ಗೊತ್ತಿತ್ತು ಎಂಬುದನ್ನು ಒಪ್ಪೋಣ. ಪಿಟೀಲು ಇಲ್ಲಿ ಅಷ್ಟು ಬೇಗ ಒಗ್ಗಿಹೋದದ್ದಕ್ಕೆ ಅದೂ ಒಂದು ಕಾರಣವಾಗಿರಬಹುದು. ಆದರೆ ವಾದ್ಯದ ವಯಸ್ಸು ಬೇರೆ, ಧಾಟಿಯ ವಯಸ್ಸು ಬೇರೆ. ‘ರೇಕ್ಸ್ ಆಫ್ ಮ್ಯಾಲೋ’ 18ನೇ ಶತಮಾನದ ಮಧ್ಯಭಾಗದಲ್ಲೇ ಲಂಡನ್ನಿನಲ್ಲಿ ಅಚ್ಚಾಗಿತ್ತು, ದೀಕ್ಷಿತರು ಹುಟ್ಟುವುದಕ್ಕೂ ಮೊದಲು. ಅದನ್ನು ಯಾವ ಶಿಲ್ಪವೂ ಬದಲಾಯಿಸದು. ತಿರುಮಕೂಡಲು ನರಸೀಪುರದ ಸೀಮೆಯಲ್ಲಿ 1895ರಲ್ಲಿ ಹುಟ್ಟಿದ ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಏಳು ತಂತಿ ಕಟ್ಟಿ ಕರ್ನಾಟಕದ ಕಚೇರಿಯನ್ನೇ ಬದಲಾಯಿಸಿದರು. ಹೊರಗಿನಿಂದ ಬಂದ ವಾದ್ಯವೆಂದು ಒಪ್ಪಿಕೊಂಡದ್ದರಿಂದ ಅವರ ಸಾಧನೆಗೆ ಕಿಂಚಿತ್ತೂ ಕುಂದಾಗಲಿಲ್ಲ.

ಇದಕ್ಕೆ ವಿರುದ್ಧ ದಿಕ್ಕಿನಿಂದ ಬರುವ ಆಕ್ಷೇಪ ನನಗೆ ಹೆಚ್ಚು ನೋವು ಕೊಡುತ್ತದೆ. ನೊಟ್ಟುಸ್ವರ ದೀಕ್ಷಿತರಿಗೆ ತಕ್ಕದ್ದಲ್ಲ, ಆಳುವವರ ಧಾಟಿಗೆ ದೇವರ ಮಾತು ತೊಡಿಸಿದ್ದು ಅನುಕರಣೆ, ಅದನ್ನು ಮಕ್ಕಳ ಪಾಠಕ್ಕೆ ಬಿಟ್ಟು ಮರೆಯುವುದು ಮೇಲು ಎಂಬ ಮಾತು ಅದು. ಹೀಗೆ ಹೇಳುವವರು ನಮ್ಮ ಪರಂಪರೆಯನ್ನು ಸರಿಯಾಗಿ ನೋಡಿಲ್ಲ. ಚಾಲ್ತಿಯ ಧಾಟಿಗೆ ಹೊಸ ಮಾತು ಕೂರಿಸುವುದು ಇಲ್ಲಿ ಎಂದೂ ಕಳ್ಳತನವಾಗಿರಲಿಲ್ಲ. ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸು ಊರಿನ ಧಾಟಿಗೆ ತನ್ನ ಸಂಕಟ ಸೇರಿಸುತ್ತಿದ್ದಳು. ಕೋಲಾಟದ ಮೇಷ್ಟ್ರು ಹಳೆಯ ಹೆಜ್ಜೆಗೆ ಹೊಸ ಪದ ಕಟ್ಟುತ್ತಿದ್ದ. ಇಂಗ್ಲಿಷರ ರಾಷ್ಟ್ರಗೀತೆಯೂ ಹಾಗೆಯೇ. 1740ರ ದಶಕದಲ್ಲಿ ಅಚ್ಚಾದಾಗಲೇ ಅದರ ಕರ್ತೃ ಇಂಥವನೆಂದು ಯಾರೂ ಸಾಧಿಸಿ ತೋರಿಸಲಿಲ್ಲ. ಹಲವರ ಹೆಸರು ಬಂದು ಹೋಗಿವೆ, ಯಾವುದೂ ನಿಂತಿಲ್ಲ. ಜರ್ಮನ್ ಸಂಸ್ಥಾನಗಳು ಅದೇ ಧಾಟಿಗೆ ತಮ್ಮ ರಾಜರ ಸ್ತುತಿ ಹಾಡಿದವು, ಅಮೆರಿಕದವರು ತಮ್ಮ ದೇಶಸ್ತುತಿ ಹಾಡಿದರು. ತಂಜಾವೂರಿನ ನೆಲದ ಕವಿಯೊಬ್ಬ ಅದಕ್ಕೆ ಸಂಗೀತ ಶ್ಯಾಮಲೆಯ ಸ್ತುತಿ ಕಟ್ಟಿದಾಗ ಮಾತ್ರ ಅನುಕರಣೆ ಎನ್ನುವುದು ಯಾವ ನ್ಯಾಯ? ಆ ಮೂರಕ್ಷರದ ನಡೆಗೆ ಸಂಸ್ಕೃತದ ದೀರ್ಘಾಕ್ಷರಗಳನ್ನು ಒಂದೂ ತೊಡರದಂತೆ ಕೂರಿಸಿರುವುದನ್ನು ನೋಡಿದರೆ, ಅದರಲ್ಲಿ ರಾಜನಿಗೆ ಕೈಮುಗಿದವನ ಕೆಲಸವಿಲ್ಲ, ಛಂದಸ್ಸು ಬಲ್ಲವನ ಕೆಲಸವಿದೆ.

ಮೈಸೂರು ಅರಸರ ಆಸ್ಥಾನದಲ್ಲಿ ಈ ದಾರಿ ಮುಂದೆ ಅಗಲವಾಯಿತು. ಪಿಟೀಲಿಗೆ ಹೆಸರಾದ ತಂಜಾವೂರು ವಡಿವೇಲುವಿನ ಅಣ್ಣ ಚಿನ್ನಯ್ಯ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನ ಸೇರಿದ. ಬಸವಪ್ಪ ಶಾಸ್ತ್ರಿಗಳು ಬರೆದ ‘ಕಾಯೌ ಶ್ರೀ ಗೌರಿ’ ಸಂಸ್ಥಾನದ ಗೀತೆಯಾಗಿ ಅರಮನೆಯ ಬ್ಯಾಂಡಿಗೆ ಹೊಂದಿಕೊಂಡಿತು. ನಾಲ್ವಡಿಯವರ ಕಾಲಕ್ಕೆ ಪಾಶ್ಚಾತ್ಯ ಬ್ಯಾಂಡು ಮತ್ತು ಕರ್ನಾಟಕ ಬ್ಯಾಂಡು ಅರಮನೆಯಲ್ಲಿ ಅಕ್ಕಪಕ್ಕದಲ್ಲಿ ಅಭ್ಯಾಸ ಮಾಡುತ್ತಿದ್ದವು. ದಸರಾ ಮೆರವಣಿಗೆಯಿಂದ ಈ ಧ್ವನಿ ಹಳ್ಳಿಯ ಮದುವೆಗೆ ಇಳಿಯಿತು. ಓಲಗದ ಪಕ್ಕದಲ್ಲಿ ಕ್ಲಾರಿನೆಟ್ಟು, ತಮಟೆಯ ಪಕ್ಕದಲ್ಲಿ ಸೈಡ್ ಡ್ರಮ್ಮು ಬಂದದ್ದು ಹೀಗೆ. ದೇವರ ಉತ್ಸವದ ನಾಗಸ್ವರದವರು ಇವತ್ತಿಗೂ ನಡುವೆ ‘ನೋಟು’ ಎಂದು ಕರೆಯುವ ತುಣುಕೊಂದನ್ನು ನುಡಿಸುವುದುಂಟು. ಕೇಳುವವರಲ್ಲಿ ಯಾರೂ ಅದನ್ನು ಪರದೇಶಿಯೆಂದು ದೂರ ಇಟ್ಟಿಲ್ಲ.

ಈ ಎಲ್ಲ ಸಾಕ್ಷ್ಯದಿಂದ ನಾನು ಹೇಳಬಯಸುವ ತೀರ್ಪು ಇಷ್ಟು. ಕುಣಿತದ ಧಾಟಿಯೊಂದರ ಮೂಲ ಎಂದು ನಾವು ಒಂದೇ ಮಾತಿನಲ್ಲಿ ಕರೆಯುವುದರಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳಿವೆ: ಸ್ವರಗಳನ್ನು ಮೊದಲು ಹೆಣೆದವರು ಯಾರು, ಧಾಟಿಗೆ ಈ ಹೆಸರು ಯಾರಿಂದ ಬಂತು, ನಮಗೆ ತಲುಪಿಸಿದವರು ಯಾರು. ಮೊದಲನೆಯದಕ್ಕೆ ಬಹುಪಾಲು ಧಾಟಿಗಳಲ್ಲಿ ಉತ್ತರ ಸಿಗುವುದಿಲ್ಲ. ಸಿಕ್ಕಿದೆ ಎನ್ನುವವರು ಎರಡನೆಯದರ ಉತ್ತರವನ್ನು ತಂದು ಮೊದಲನೆಯದರ ಜಾಗದಲ್ಲಿ ಇಡುತ್ತಿರುತ್ತಾರೆ. ಮೂರನೆಯದಕ್ಕೆ ಉತ್ತರ ಸಾಧ್ಯ. ಅದಕ್ಕೆ ದಂಡಿನ ದಾಖಲೆ, ಸೆರೆಯಾಳಿನ ಕಥನ, ಗೋಡೆಯ ಚಿತ್ರ, ಹಸ್ತಪ್ರತಿಯ ಅಂಚಿನ ಬರಹ ಎಲ್ಲವೂ ನೆರವಾಗುತ್ತವೆ. ಆ ಉತ್ತರ ಮಣಲಿ ಒಂದರಲ್ಲೇ ಮುಗಿಯುವುದಿಲ್ಲ. ಮಣಲಿಯಲ್ಲಿ ಧಾಟಿ ನಮ್ಮ ಶಾಸ್ತ್ರೀಯ ಸಂಗೀತದ ಬರವಣಿಗೆಗೆ ಸೇರಿತು. ಶ್ರೀರಂಗಪಟ್ಟಣ ಮತ್ತು ಹಿರೋಡೆಯಲ್ಲಿ ಅದಕ್ಕೂ ಮೊದಲೇ ಇಲ್ಲಿಯ ಕಿವಿಗಳಿಗೆ ಸೇರಿತ್ತು. ಬರವಣಿಗೆಗೆ ಸೇರಿದ್ದಷ್ಟೇ ಇತಿಹಾಸ ಎಂದು ತಿಳಿದರೆ ಮೊದಲು ಕೇಳಿದವರಿಗೆ ಅನ್ಯಾಯವಾಗುತ್ತದೆ.

ಈ ಅನ್ಯಾಯ ನಮ್ಮದೇ ತಾಲ್ಲೂಕುಗಳಲ್ಲಿ ಇವತ್ತೂ ನಡೆಯುತ್ತಿದೆ ಎಂಬುದೇ ನನ್ನ ಕಳವಳ. ಜನಪದ ಹಾಡು ಸಂಗ್ರಹಿಸುವುದರಲ್ಲಿ ಈ ಸೀಮೆಗೆ ದೊಡ್ಡ ಹೆಸರಿದೆ. ಈ ಕೃಷ್ಣರಾಜಪೇಟೆ ತಾಲ್ಲೂಕಿನ ಬಂಡಿಹೊಳೆಯ ಅರ್ಚಕ ಬಿ. ರಂಗಸ್ವಾಮಿಯವರು 1933ರಲ್ಲೇ ‘ಹುಟ್ಟಿದ ಹಳ್ಳಿ ಮತ್ತು ಹಳ್ಳಿಯ ಹಾಡುಗಳು’ ಎಂಬ ಪುಸ್ತಕ ಕೊಟ್ಟರು. ನಾಗಮಂಗಲ ತಾಲ್ಲೂಕು ಎಚ್. ಎಲ್. ನಾಗೇಗೌಡರನ್ನೂ ಜೀ. ಶಂ. ಪರಮಶಿವಯ್ಯನವರನ್ನೂ ಕೊಟ್ಟಿತು, ನಾಗೇಗೌಡರು ಕಟ್ಟಿದ ಜಾನಪದ ಲೋಕ ರಾಮನಗರದ ಬಳಿ ನಿಂತಿದೆ. ಆದರೆ ಇಂಥ ಸಂಗ್ರಹಗಳಲ್ಲಿ ಬಹುಪಾಲು ಮಾತಿನ ಸಂಗ್ರಹಗಳು. ಹಾಡಿನ ಸಾಲು ಪುಟದಲ್ಲಿ ಉಳಿಯಿತು, ಧಾಟಿ ಹಾಡಿದವಳ ಗಂಟಲಿನಲ್ಲೇ ಉಳಿದು ಅವಳೊಂದಿಗೆ ಹೋಯಿತು. ಸ್ವರ ಬರೆದಿಟ್ಟಿದ್ದರೆ ಯಾವ ಕೋಲಾಟದ ಪದದೊಳಗೆ ಯಾವ ದಂಡಿನ ಧಾಟಿ ಅಡಗಿದೆ, ಯಾವುದು ಇಲ್ಲಿಯದೇ, ಯಾವುದು ಹಿರೋಡೆಯ ಪಾಳೆಯದಿಂದ ಬಂದದ್ದು ಎಂದು ಈಗ ವಾದಿಸಲು ಆಧಾರವಾದರೂ ಇರುತ್ತಿತ್ತು.

ಆದ್ದರಿಂದ ಈ ಸಭೆಯಲ್ಲಿರುವ ಶಾಲಾ ಕಾಲೇಜುಗಳ ಅಧ್ಯಾಪಕರಲ್ಲಿ, ಸಂಗೀತ ಕಲಿತ ಯುವಕ ಯುವತಿಯರಲ್ಲಿ ನನ್ನ ಒಂದು ವಿನಂತಿ. ಮನೆಯ ಅಟ್ಟದ ಮೇಲಿರುವ ಹಳೆಯ ನಾಟಕದ ಮತ್ತು ಭಜನೆಯ ಪುಸ್ತಕಗಳನ್ನು ತೂಕಕ್ಕೆ ಹಾಕಬೇಡಿ. ಹಾಡಿನ ನೆತ್ತಿಯ ಮೇಲಿರುವ ಮಟ್ಟಿನ ಹೆಸರುಗಳನ್ನು ಪಟ್ಟಿ ಮಾಡಿ. ಊರಿನ ಓಲಗದವರ, ಬ್ಯಾಂಡ್‌ಸೆಟ್ಟಿನವರ ಬಳಿ ಕೂತು ಅವರು ಚಿಕ್ಕಂದಿನಿಂದ ನುಡಿಸುತ್ತ ಬಂದ ನೋಟುಗಳನ್ನು ಧ್ವನಿಮುದ್ರಿಸಿ, ಯಾರಿಂದ ಕಲಿತರೆಂದು ಕೇಳಿ ಬರೆದುಕೊಳ್ಳಿ, ಸ್ವರಲಿಪಿ ಹಾಕಿ. ಪ್ರತಿಯೊಂದನ್ನೂ ದಿನಾಂಕ ಮತ್ತು ಊರಿನ ಹೆಸರಿನೊಂದಿಗೆ ತಾಲ್ಲೂಕಿನ ಗ್ರಂಥಾಲಯದಲ್ಲಿ ಇಡಿಸಿ. ಈ ಕೆಲಸಕ್ಕೆ ದೊಡ್ಡ ಹಣ ಬೇಕಿಲ್ಲ, ಸ್ವರ ಗುರುತಿಸುವ ಕಿವಿ ಮತ್ತು ತಾಳ್ಮೆ ಬೇಕು. ನುಡಿಸುವವರಲ್ಲಿ ಹಲವರಿಗೆ ಈಗಾಗಲೇ ವಯಸ್ಸಾಗಿದೆ. ಕೆಲಸ ಈ ವರ್ಷವೇ ಶುರುವಾಗಬೇಕು.